ಒಡೆದ ಮನಸ್ಸಿಗೆ ತಾಯ್ನುಡಿಯೇ ಬೇಕಾಯಿತು

ಮಾನ್ಯ ಸಂಪಾದಕರೇ,

ಇಂಡೊನೇಷ್ಯಾದ ಯುವಜನರ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನವನ್ನು ಇಲ್ಲೇ, ಸೊಲೊ ಊರಿನಲ್ಲಿ ಕೂತು ಓದಿದೆ. ನಾನು ದಾವಣಗೆರೆಯವನು. ನೂಲಿನ ಗಿರಣಿಯ ಕೆಲಸಕ್ಕೆಂದು 2016ರಲ್ಲಿ ಮಧ್ಯ ಜಾವಾಕ್ಕೆ ಬಂದವನು ಇಲ್ಲೇ ಉಳಿದಿದ್ದೇನೆ.

ಲೇಖನದಲ್ಲಿ ಹೇಳಿದ್ದು ಸುಳ್ಳಲ್ಲ. ಕೊರಿಯಾದ ಹಾಡಿನ ಹುಚ್ಚು ಇಲ್ಲಿ ಜೋರಾಗಿಯೇ ಇದೆ. 2021ರ ಜೂನ್‌ನಲ್ಲಿ ಬಿಟಿಎಸ್ ತಂಡದ ಹೆಸರಿನ ಊಟ ಮಾರಾಟಕ್ಕೆ ಬಂದ ದಿನ, ಪಾರ್ಸೆಲ್ ಒಯ್ಯಲು ಬಂದ ಬೈಕಿನವರ ನೂಕುನುಗ್ಗಲು ನೋಡಿ, ಕೋವಿಡ್ ಭಯಕ್ಕೆ ಹಲವು ಮೆಕ್‌ಡೊನಾಲ್ಡ್ಸ್ ಅಂಗಡಿಗಳನ್ನೇ ಮುಚ್ಚಿಸಿದ್ದರು. ಆದರೆ ಈ ಹುಡುಗರಿಗೆ ತಮ್ಮದು ಅಂತ ಏನೂ ಬೇಡವಾಗಿದೆ ಎಂಬ ಧಾಟಿಯಲ್ಲಿ ಲೇಖನ ಮುಗಿದದ್ದು ನನಗೆ ನೋವಾಯಿತು. ನಾನು ಕಂಡದ್ದು ಬೇರೆ.

ದಿದಿ ಕೆಂಪೊಟ್ ಎಂಬ ಗಾಯಕರ ಹೆಸರು ನಮ್ಮಲ್ಲಿ ಹೆಚ್ಚು ಜನ ಕೇಳಿರಲಾರರು. ಇದೇ ಊರಿನವರು. ಬೀದಿಯಲ್ಲಿ ಹಾಡಿ ಹೊಟ್ಟೆ ಹೊರೆದವರು. ‘ಕೆಂಪೊಟ್’ ಅನ್ನುವುದೇ ‘ಫುಟ್‌ಪಾತ್ ಹಾಡುಗಾರರ ಗುಂಪು’ ಎಂಬುದರ ಚುಟುಕು ರೂಪ. ಮೂವತ್ತು ವರ್ಷ ಇಲ್ಲಿನವರ ತಾಯ್ನುಡಿಯಾದ ಜಾವಾನೀಸ್ ಭಾಷೆಯಲ್ಲಿ ಪ್ರೀತಿ ಮುರಿದುಬಿದ್ದ ಹಾಡುಗಳನ್ನೇ ಹಾಡಿದರು. ಅವೆಲ್ಲ ಅಪ್ಪ-ಅಮ್ಮನ ಕಾಲದ ಹಾಡು ಅಂತ ಎಲ್ಲರೂ ಅಂದುಕೊಂಡಿದ್ದರು. 2019ರಲ್ಲಿ ಇದ್ದಕ್ಕಿದ್ದಂತೆ ಇಪ್ಪತ್ತರ ಹುಡುಗ ಹುಡುಗಿಯರು ಅವರ ಕಾರ್ಯಕ್ರಮಕ್ಕೆ ಮುಗಿಬಿದ್ದರು. ಹಾಡುತ್ತಾ ಅಳುತ್ತಿದ್ದ ಈ ಹುಡುಗರ ವಿಡಿಯೊಗಳು ಎಲ್ಲರ ಮೊಬೈಲಿಗೂ ಬಂದವು. ತಮ್ಮನ್ನು ‘ಸೊಬಾತ್ ಅಂಬ್ಯಾರ್’ ಎಂದು ಕರೆದುಕೊಂಡರು, ಅಂದರೆ ಮನಸ್ಸು ಒಡೆದುಹೋದ ಗೆಳೆಯರ ಬಳಗ.

ಇದು ಯಾಕೆ ದೊಡ್ಡ ಮಾತು ಅಂತ ಹೇಳುತ್ತೇನೆ. ಜಾವಾನೀಸ್ ಮಾತಾಡುವವರು ಆರು ಕೋಟಿಗೂ ಜಾಸ್ತಿ. ಆದರೂ ಶಾಲೆ, ಕಚೇರಿ, ಟಿವಿ ಎಲ್ಲವೂ ಇಂಡೊನೇಷ್ಯನ್ ಭಾಷೆಯಲ್ಲಿ. 1928ರಲ್ಲಿ ಯುವಕರೇ ಸೇರಿ ಪ್ರತಿಜ್ಞೆ ಮಾಡಿ ಒಪ್ಪಿಕೊಂಡ ಭಾಷೆ ಅದು, ಅದರ ಮೇಲೆ ಯಾರಿಗೂ ಸಿಟ್ಟಿಲ್ಲ. ತೊಂದರೆ ಬೇರೆ ಕಡೆ ಇದೆ. ನಮ್ಮಲ್ಲಿ ನೀನು-ನೀವು ಬದಲಾದರೆ ಸಾಕು, ಅಲ್ವಾ? ಜಾವಾನೀಸ್‌ನಲ್ಲಿ ಮಾತೇ ಬದಲಾಗುತ್ತದೆ. ಗೆಳೆಯ ಉಂಡರೆ ‘ಮಾಂಗಾನ್’, ತಾತ ಉಂಡರೆ ‘ದಹಾರ್’. ತಪ್ಪಿದರೆ ಹಿರಿಯರ ಮುಂದೆ ಮುಖಭಂಗ. ಆ ಹೆದರಿಕೆಗೆ ಎಷ್ಟೋ ಮಕ್ಕಳು ಮನೆಯಲ್ಲೂ ಇಂಡೊನೇಷ್ಯನ್‌ಗೇ ಜಾರಿಬಿಡುತ್ತಾರೆ. ನಮ್ಮ ಗಿರಣಿಗೆ ತರಬೇತಿಗೆ ಬರುವ ಹುಡುಗರನ್ನು ಕೇಳಿದರೆ ಇದನ್ನೇ ಹೇಳುತ್ತಾರೆ. ಸೊಲೊದ ಬೀದಿ ಫಲಕಗಳ ಮೇಲೆ ಜಾವಾನೀಸ್ ಲಿಪಿಯೂ ಇದೆ. ನಮ್ಮ ಕನ್ನಡದ ಹಾಗೆ ಅದೂ ಬ್ರಾಹ್ಮಿಯ ಕೂಸು. ನೋಡಿದಾಗಲೆಲ್ಲ ನೆಂಟರನ್ನು ಕಂಡಂತೆ ಆಗುತ್ತದೆ. ಆದರೆ ಅದನ್ನು ಓದಲು ಬರುವ ಹುಡುಗರು ನನಗೆ ಸಿಕ್ಕಿದ್ದು ತೀರಾ ಕಡಿಮೆ.

ಫಲಕದಿಂದ ಆಗದ್ದು ಹಾಡಿನಿಂದ ಆಯಿತು. ದಿದಿಯವರ ಹಾಡುಗಳಲ್ಲಿ ಜಾಸ್ತಿ ಇರುವುದು ಗೆಳೆಯರ ನಡುವಿನ ‘ನೀನು’ ಮಾತು. ಅಲ್ಲಿ ತಿದ್ದುವವರು ಯಾರೂ ಇಲ್ಲ.

ಒಂದು ರಾತ್ರಿ ಮಳೆ ಹಿಡಿದಿತ್ತು. ಇಬ್ಬರು ಹುಡುಗರ ಜೊತೆ ‘ಹಿಕ್’ನಲ್ಲಿ ಕೂತಿದ್ದೆ. ಹಿಕ್ ಅಂದರೆ ತಾಡಪಾಲು ಹೊದಿಸಿದ ತಳ್ಳುಗಾಡಿ. ಇದ್ದಿಲ ಒಲೆಯ ಮೇಲೆ ಕೆಟಲ್‌ಗಳು, ಮುಂದೆ ‘ಬೆಕ್ಕಿನ ಅನ್ನ’ ಎಂದು ಕರೆಯುವ ಹಿಡಿಯಷ್ಟು ಅನ್ನದ ಪೊಟ್ಟಣಗಳು. ಹುಡುಗರು ಮೊಬೈಲ್ ನೋಡುತ್ತಾ ಇಂಡೊನೇಷ್ಯನ್‌ನಲ್ಲೇ ಹರಟುತ್ತಿದ್ದರು. ಒದ್ದೆಯಾದ ಒಬ್ಬ ಬೀದಿ ಹಾಡುಗಾರ ಬಂದು ದಿದಿಯವರ ಬಲಾಪಾನ್ ಸ್ಟೇಷನ್ನಿನ ಹಾಡು ಎತ್ತಿಕೊಂಡ. ತಿಂಗಳೊಳಗೆ ಬರುತ್ತೇನೆ ಎಂದು ಇದೇ ಊರಿನ ಸ್ಟೇಷನ್ನಿನಲ್ಲಿ ರೈಲು ಹತ್ತಿದವರು ತಿರುಗಿ ಬಾರದ ಕತೆ. ಎರಡನೇ ಸಾಲಿಗೆ ಇಡೀ ಬೆಂಚು ಹಾಡುತ್ತಿತ್ತು. ಹುಡುಗರಲ್ಲಿ ಒಬ್ಬ ಶುಂಠಿ ನೀರಿನ ಲೋಟ ಕೆಳಗಿಟ್ಟು, ಕಣ್ಣು ಮುಚ್ಚಿ, ಒಂದು ಪದವೂ ತಪ್ಪದೆ ಹಾಡಿದ. ಆಮೇಲೆ ಗಾಡಿಯ ಅಜ್ಜನ ಹತ್ತಿರ ಅವನು ಲೆಕ್ಕ ಕೇಳಿದ್ದು ಜಾವಾನೀಸ್‌ನಲ್ಲಿ. ಅಜ್ಜ ನಗುತ್ತಾ ಒಂದು ಪದ ತಿದ್ದಿದರು. ಹುಡುಗ ನಾಚಿಕೊಳ್ಳದೆ ಅದನ್ನೇ ಮತ್ತೆ ಹೇಳಿದ.

ದಿದಿ ಕೆಂಪೊಟ್ 2020ರ ಮೇ 5ರಂದು ತೀರಿಕೊಂಡರು. ವಯಸ್ಸು 53. ಅದಕ್ಕೆ ಒಂದು ತಿಂಗಳ ಮುಂಚೆಯಷ್ಟೇ ಕೋವಿಡ್ ಪರಿಹಾರಕ್ಕೆ ಹಣ ಕೂಡಿಸಲು ಮನೆಯಿಂದಲೇ ಹಾಡಿದ್ದರು. ಅವರ ಜೊತೆ ಎಲ್ಲ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ನ್ಗಾವಿ ಊರಿನ ಡೆನ್ನಿ ಚಕ್ನಾನ್‌ನಂಥ ಹೊಸ ಹಾಡುಗಾರರು ಬಂದರು. 2022ರ ಆಗಸ್ಟ್ 17ರಂದು ಜಕಾರ್ತದ ಅರಮನೆಯಲ್ಲಿ, ಸ್ವಾತಂತ್ರ್ಯೋತ್ಸವದ ಸಮಾರಂಭದಲ್ಲಿ, ಬಾನ್ಯುವಾಂಗಿಯ 12 ವರ್ಷದ ಫಾರೆಲ್ ಪ್ರಯೋಗ ಎಂಬ ಹುಡುಗ ಜಾವಾನೀಸ್ ಹಾಡು ಹಾಡಿದ. ಅಧ್ಯಕ್ಷರ ಎದುರೇ ಮಂತ್ರಿಗಳು ಎದ್ದು ಕುಣಿದರು. ಅದನ್ನು ಟಿವಿಯಲ್ಲಿ ನೋಡುವಾಗ ನನ್ನ ಕಣ್ಣು ತುಂಬಿತ್ತು.

ಮತ್ತೊಮ್ಮೆ ಇಲ್ಲಿನ ಯುವಜನರ ಬಗ್ಗೆ ಬರೆಸುವಾಗ ಜಕಾರ್ತದ ಮಾಲ್‌ಗಳಷ್ಟೇ ಸಾಲದು, ಸೊಲೊದ ಇಂಥ ಬೆಂಚುಗಳನ್ನೂ ದಯವಿಟ್ಟು ಸೇರಿಸಿ. ನಾನೂ ಬರೆದುಕೊಡಲು ಸಿದ್ಧ. ಹಾಡುಗಳ ಸಾಲು ಸಾಲಿಗೂ ಅರ್ಥ ಹೇಳಲು ಗಿರಣಿಯ ಹುಡುಗರು ಒಪ್ಪಿದ್ದಾರೆ. ‘ಅಂಬ್ಯಾರ್’ಗೆ ಮಾತ್ರ ಸರಿಯಾದ ಕನ್ನಡ ಇನ್ನೂ ಸಿಕ್ಕಿಲ್ಲ. ‘ನುಚ್ಚುನೂರು’ ಅಂದರೆ ಸದ್ದು ಜಾಸ್ತಿ, ‘ಚೆಲ್ಲಾಪಿಲ್ಲಿ’ ಅಂದರೆ ನೋವು ಸಾಲದು. ಓದುಗರಿಗೆ ಹೊಳೆದರೆ ತಿಳಿಸಲಿ.

ದಾವಣಗೆರೆಯ ಒಬ್ಬ ಓದುಗ,
ಸೊಲೊ, ಇಂಡೊನೇಷ್ಯಾ