ಸ್ಟ್ರಟ್‌ನ ನಡುವಿನ ನಟ್‌ಗೆ ಮನೆಯಲ್ಲಿ ಕೈ ಹಾಕಬೇಡಿ

ಮಾನ್ಯ ಸಂಪಾದಕರೇ,

ಕಾರಿನ ಆಯಿಲ್, ಏರ್ ಫಿಲ್ಟರ್, ಬ್ಯಾಟರಿ ಮೊದಲಾದವನ್ನು ಮನೆಯಂಗಳದಲ್ಲೇ ಬದಲಾಯಿಸಿಕೊಳ್ಳುವವರನ್ನು ಕಂಡರೆ ಐಟಿಐಯಲ್ಲಿ ಮೆಕ್ಯಾನಿಕ್ ವಿಭಾಗದ ಬೋಧಕನಾಗಿದ್ದ ನನಗೆ ಸಂತೋಷವೇ ಆಗುತ್ತದೆ. ಆದರೆ ಮೊಬೈಲ್‌ನಲ್ಲಿ ವಿಡಿಯೊ ನೋಡಿ ಮುಂದಿನ ಚಕ್ರದ ಸಸ್ಪೆನ್ಷನ್ ಸ್ಪ್ರಿಂಗ್ ಬಿಚ್ಚಲು ಹೊರಡುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕಾಗಿದೆ.

ನಮ್ಮ ರಸ್ತೆಗಳಲ್ಲಿ ಓಡಾಡುವ ಬಹುಪಾಲು ಸಣ್ಣ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಇದರಲ್ಲಿ ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್ ಒಂದೇ ಜೋಡಣೆಯಾಗಿರುತ್ತವೆ. ಬಾನೆಟ್ ಎತ್ತಿ ನೋಡಿದರೆ ಹಲವು ಕಾರುಗಳಲ್ಲಿ ಸ್ಟ್ರಟ್‌ನ ತಲೆಯ ಸುತ್ತ ಎರಡು ಮೂರು ಸಣ್ಣ ನಟ್‌ಗಳೂ, ನಡುವೆ ಒಂದು ದೊಡ್ಡ ನಟ್ಟೂ ಕಾಣುತ್ತವೆ. ಸುತ್ತಲಿನವು ಸ್ಟ್ರಟ್ಟನ್ನು ಕಾರಿನ ಬಾಡಿಯ ಜೊತೆ ಬಿಗಿದಿರುವಂಥವು. ನಡುವಿನದು ಸ್ಪ್ರಿಂಗನ್ನು ಒತ್ತಿ ಹಿಡಿದಿರುವಂಥದ್ದು. ಸ್ಟ್ರಟ್ಟನ್ನು ಕಾರಿನಿಂದ ಪೂರ್ತಿ ಕಳಚಿ ನೆಲದ ಮೇಲೆ ಇಟ್ಟಾಗಲೂ ಒಳಗಿನ ಸ್ಪ್ರಿಂಗ್ ಒತ್ತಡದಲ್ಲೇ ಇರುತ್ತದೆ ಎಂಬುದು ಹೊಸಬರಿಗೆ ತಟ್ಟನೆ ಹೊಳೆಯುವುದಿಲ್ಲ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಾಧನವಾದ ಕಂಪ್ರೆಸರ್ ಹಾಕದೆ ನಡುವಿನ ಆ ನಟ್ ಬಿಚ್ಚಿದರೆ, ಸ್ಪ್ರಿಂಗ್‌ನ ಮೇಲೆ ಕೂತಿರುವ ಮೌಂಟ್ ಸಿಡಿದು ಎದುರಿಗಿದ್ದವರ ಮುಖಕ್ಕೋ ಕೈಗೋ ಬಡಿಯುತ್ತದೆ.

ಎರಡು ಕೊಕ್ಕೆಬೋಲ್ಟ್‌ಗಳ ಅಗ್ಗದ ಕಂಪ್ರೆಸರ್ ತಂದುಕೊಂಡವರೂ ಜಾಗರೂಕರಾಗಿರಬೇಕು. ಅವೆರಡನ್ನೂ ಸ್ಪ್ರಿಂಗ್‌ನ ಎದುರುಬದುರು ಪಕ್ಕಗಳಲ್ಲಿ, ಆದಷ್ಟು ಹೆಚ್ಚು ಸುತ್ತುಗಳನ್ನು ಹಿಡಿಯುವಂತೆ ಕೂರಿಸಿ, ಬೋಲ್ಟ್‌ಗಳ ಮರೆಗಳಿಗೆ (ಥ್ರೆಡ್) ಗ್ರೀಸ್ ಹಚ್ಚಿ, ಒಂದನ್ನು ಸ್ವಲ್ಪ ತಿರುಗಿಸಿದ ಮೇಲೆ ಇನ್ನೊಂದನ್ನು ಅಷ್ಟೇ ತಿರುಗಿಸುತ್ತಾ ಕೈ ಸ್ಪ್ಯಾನರ್‌ನಿಂದಲೇ ಬಿಗಿಯಬೇಕು. ನಟ್ಟನ್ನು ರಭಸದಿಂದ ತಿರುಗಿಸುವ ಇಂಪ್ಯಾಕ್ಟ್ ಗನ್ ಬಳಸಲೇಬಾರದು. ಒಂದು ಪಕ್ಕ ಮುಂದೆ ಹೋದರೆ ಸ್ಪ್ರಿಂಗ್ ಬಿಲ್ಲಿನಂತೆ ಬಾಗಿ ಕೊಕ್ಕೆ ಜಾರುತ್ತದೆ.

ಇಷ್ಟೆಲ್ಲ ಯಾಕೆ ಬೇಕು? ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ (ಸ್ಟೆಪ್ನಿ ಬದಲಿಸಲು ಕೊಟ್ಟ ಜಾಕ್ ಮೇಲಾಗಲಿ, ಸೈಜುಗಲ್ಲಿನ ಮೇಲಾಗಲಿ ಅಲ್ಲ), ಬ್ರೇಕ್ ಹೋಸ್‌ನ ಕ್ಲಿಪ್ ಬಿಡಿಸಿ, ಕೆಳಗಿನ ಬೋಲ್ಟ್‌ಗಳನ್ನೂ ಮೇಲಿನ ಸಣ್ಣ ನಟ್‌ಗಳನ್ನೂ ತೆಗೆದು, ಸ್ಟ್ರಟ್ಟನ್ನು ಇಡಿಯಾಗಿ ಹೊರಗೆ ತೆಗೆಯುವುದು ತಾಳ್ಮೆಯಿರುವವರಿಗೆ ಕಷ್ಟದ ಕೆಲಸವಲ್ಲ. ಅದನ್ನು ಪ್ರೆಸ್ ಮಾದರಿಯ ಕಂಪ್ರೆಸರ್ ಇರುವ ಗ್ಯಾರೇಜಿಗೆ ಒಯ್ದು ಸ್ಪ್ರಿಂಗ್ ಬದಲಿಸಿಕೊಂಡು ಬಂದು ಮತ್ತೆ ಮನೆಯಲ್ಲೇ ಕೂರಿಸಬಹುದು. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸುವುದನ್ನು ತಪ್ಪಿಸಬಾರದು.

ಹಿಂದಿನ ಚಕ್ರಗಳ ಮಾತು ಬೇರೆ. ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಬೇರೆ ಬೇರೆಯಾಗಿರುವ ಅನೇಕ ಕಾರುಗಳಲ್ಲಿ, ಆಕ್ಸಲ್‌ಗೆ ಜಾಕ್ ಆಧಾರ ಕೊಟ್ಟು ಶಾಕ್ ಅಬ್ಸಾರ್ಬರ್‌ನ ಕೆಳಗಿನ ಬೋಲ್ಟ್ ತೆಗೆದು ನಿಧಾನವಾಗಿ ಇಳಿಸಿದರೆ ಸ್ಪ್ರಿಂಗ್ ಸಡಿಲವಾಗಿ ಕೈಗೆ ಬರುತ್ತದೆ. ಬ್ರೇಕ್ ಹೋಸ್ ಜಗ್ಗದಂತೆ ನೋಡಿಕೊಂಡರಾಯಿತು. ಇದರ ಸಲೀಸನ್ನು ಕಂಡವರೇ ಮುಂದಿನದೂ ಹೀಗೆಯೇ ಇರಬಹುದೆಂದು ನಡುವಿನ ನಟ್‌ಗೆ ಸ್ಪ್ಯಾನರ್ ಹಾಕುವುದು.

ಬಿಡಿಭಾಗದ ಅಂಗಡಿಯವರು ಕಂಪ್ರೆಸರ್ ಮಾರುವಾಗ ಬಳಕೆಯ ಕ್ರಮವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಜೊತೆಗೆ ಕೊಡಲಿ. ತಮ್ಮ ಪತ್ರಿಕೆಯ ವಾಹನ ಪುಟದಲ್ಲಿಯೂ ಈ ಎರಡು ಬಗೆಯ ನಟ್‌ಗಳ ವ್ಯತ್ಯಾಸವನ್ನು ಚಿತ್ರಸಹಿತ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಐಟಿಐ ಬೋಧಕ, ಹಾಸನ