ತೆರೇಸಾಗೆ ನಿದ್ದೆ ಬರ್ತಿತ್ತು, ಅದನ್ನೇ ಬರಿ

ಮಗಳೇ,

ಫ್ರಾನ್ಸಿನ ಲಿಸ್ಯೂ ಊರಿನ ಕ್ರೈಸ್ತ ಸನ್ಯಾಸಿನಿ, ಸಂತ ತೆರೇಸಾ ಬಗ್ಗೆ ನೀನು ಬರ್ದಿರೋ ಪುಸ್ತಕದ ಹಸ್ತಪ್ರತಿ ಎರಡು ಸಲ ಓದಿದೆ. ಪಬ್ಲಿಷರ್ ಯಾರು, ಎಷ್ಟು ಪುಟ ಇರ್ಬೇಕು ಅಂತೆಲ್ಲ ಕೇಳಿದ್ದೀಯ, ಅದನ್ನ ಯಾರು ಬೇಕಾದ್ರೂ ಹೇಳ್ತಾರೆ ಬಿಡು. ಕೊನೇಲಿ "ಲಿಸ್ಯೂ ತೆರೇಸಾ ಬದುಕಲ್ಲಿ ಏನೂ ನಡೆಯಲ್ಲ ಸಾರ್, 15ಕ್ಕೆ ಕಾರ್ಮೆಲ್ ಮಠ ಸೇರಿದ್ಲು, 24ಕ್ಕೆ ಕ್ಷಯದಿಂದ ತೀರ್ಕೊಂಡ್ಲು, ಇದು ನನ್ನ ಕೈಲಾಗಲ್ಲ" ಅಂತ ಬರ್ದಿದ್ದೀಯಲ್ಲ, ಅದನ್ನ ಓದಿ ಸಂಕಟ ಆಯ್ತು, ಅದಕ್ಕೇ ಈ ಕಾಗದ.

ಏನೂ ನಡೆಯಲ್ವಾ? ಪ್ರಾರ್ಥನೆ ಹೊತ್ತಲ್ಲಿ ಹಿಂದೆ ಕೂತ ಸಿಸ್ಟರ್ ಒಬ್ರು ಎರಡು ಚಿಪ್ಪು ಉಜ್ಜಿದ ಹಾಗೆ ಸದ್ದು ಮಾಡ್ತಿರ್ತಾರೆ, ಒಂದ್ಸಲ ತಿರುಗಿ ನೋಡಿದ್ರೆ ಸಾಕು ಅನ್ಸುತ್ತೆ, ಆದ್ರೆ ತೆರೇಸಾ ತಿರುಗಲ್ಲ, ತಡ್ಕೊಂಡು ತಡ್ಕೊಂಡು ಮೈಯೆಲ್ಲ ಬೆವರು, ಕೊನೆಗೆ ಆ ಸದ್ದನ್ನೇ ಸಂಗೀತ ಅಂದ್ಕೊಂಡು ಕೇಳ್ತಾ ಕೂರ್ತಾಳೆ. ಅವಳೇ ಬರ್ದಿಟ್ಟಿದ್ದಾಳೆ ಕಣಮ್ಮ. ನೀನು "ಅಪಾರ ಸಹನಾಮೂರ್ತಿ" ಅಂತ ಮುಗಿಸಿಬಿಟ್ಟೆ! ಆ ಬೆವರು ಎಲ್ಲಿ ಹೋಯ್ತು?

ಅವಳು ಬರೆದ ಆತ್ಮಕಥೆಗೂ ಇದೇ ಗತಿ ಆಗಿತ್ತು. ಅದೇ ಮಠದಲ್ಲಿದ್ದ ಅಕ್ಕ ಪೌಲಿನ್ ಹೇಳಿದ್ದಕ್ಕೆ ಬರೆಯಕ್ಕೆ ಕೂತಳು, ಕೊನೆಕೊನೆಗೆ ಶಕ್ತಿ ಸಾಲದೆ ಪೆನ್ಸಿಲಲ್ಲಿ ಬರೆದ್ಲು. 1897ರಲ್ಲಿ ತೀರ್ಕೊಂಡ್ಲು, ಅದೇ ಅಕ್ಕ ಸುಮಾರು 7000 ಕಡೆ ತಿದ್ದಿ ಮಾರನೇ ವರ್ಷ ಪ್ರಿಂಟ್ ಮಾಡಿಸಿದ್ರು. ಪ್ರೀತಿಯಿಂದಾನೇ ತಿದ್ದಿದ್ದು, ಅದೇ ನನಗೆ ಭಯ. 1925ರಲ್ಲಿ ಸಂತ ಪದವಿ ಬಂತು, ಆದ್ರೆ ಅವಳು ಬರ್ದಿದ್ದು ಬರ್ದ ಹಾಗೇ ಓದುಗರ ಕೈಗೆ ಸಿಕ್ಕಿದ್ದು 1956ರಲ್ಲಿ! ಸಾಯೋ ಮುಂಚಿನ ತಿಂಗಳು ಯೇಸುವಿನ ತಾಯಿ ಮರಿಯಮ್ಮನ ಬಗ್ಗೆ ಮಾತಾಡ್ತಾ, ನಂಬಕ್ಕಾಗದ್ದೆಲ್ಲ ಹೇಳಬಾರ್ದು, ಆಕೆ ನಿಜವಾಗ್ಲೂ ಬದುಕಿದ ಬದುಕನ್ನ ತೋರಿಸ್ಬೇಕು ಅಂದಿದ್ದೂ ಇವಳೇ.

ನಾನೂ ಈ ತಪ್ಪು ಮಾಡಿದ್ದೀನಿ. ಅಮ್ಮ ತೀರ್ಕೊಂಡಾಗ ಒಂದು ಪತ್ರಿಕೆಗೆ ಲೇಖನ ಬರೆದೆ. ಅಪ್ಪನ ಮೇಲಿನ ಸಿಟ್ಟಿಗೆ ಅವಳು ಕಾಫಿ ಲೋಟ ಅಂಗಳಕ್ಕೆ ಎಸೆದು, ಆಮೇಲೆ ತಾನೇ ಹೋಗಿ ಎತ್ಕೊಂಡು ಬಂದು ಸೆರಗಲ್ಲಿ ಒರೆಸಿದ್ದು ಅದರಲ್ಲಿತ್ತು. ಸಂಪಾದಕರು "ತಾಯಿ ಬಗ್ಗೆ ಇದೆಲ್ಲ ಯಾಕೆ" ಅಂತ ಕತ್ತರಿಸಿದ್ರು. 30 ವರ್ಷ ಆಯ್ತು, ಅವರ ಮೇಲೆ ಇನ್ನೂ ಸಿಟ್ಟಿದೆ, ಸುಮ್ನೆ ತಲೆಯಾಡಿಸಿದ ನನ್ನ ಮೇಲೆ ಅದಕ್ಕಿಂತ ಜಾಸ್ತಿ. ಲೇಖನ ಎಲ್ರೂ ಹೊಗಳಿದ್ರು. ನಮ್ಮ ತಂಗಿ ಮಾತ್ರ ಓದಿ "ಇದ್ಯಾರೋ ಅಣ್ಣ?" ಅಂದ್ಲು.

ನಿನ್ನ ಮೂರನೇ ಅಧ್ಯಾಯದಲ್ಲಿ, ಏಳು ವರ್ಷ ಪ್ರಾರ್ಥನೆ ಮಧ್ಯೆ ತೂಕಡಿಸ್ತಿದ್ದೆ ಅಂತ ತೆರೇಸಾ ಒಪ್ಕೊಂಡಿದ್ದನ್ನ ಬರ್ದು, ಆಮೇಲೆ ಗೀಟು ಎಳೆದಿದ್ದೀಯ. ಲೈಟಿಗೆ ಹಿಡಿದು ಓದಿದೆ. ಇಡೀ ಹಸ್ತಪ್ರತೀಲಿ ನಂಗೆ ತುಂಬ ಇಷ್ಟ ಆಗಿದ್ದು ಅದೇ ಸಾಲು ಕಣೇ. ಅದನ್ನ ವಾಪಸ್ ಹಾಕಿ ಆ ಅಧ್ಯಾಯ ಮತ್ತೆ ಕಳ್ಸು.

ನಿನ್ನ ಮೇಷ್ಟ್ರು