ಭಾನುವಾರದ ಚರ್ಚೆ: ಹೆಣ್ಣಾಳು, ಗಂಡಾಳು, ಕೂಲಿ

ಎಲ್ಲರಿಗೂ ನಮಸ್ಕಾರ. ಸಂಬಳದ ತಾರತಮ್ಯದ ಬಗ್ಗೆ ಗುಂಪಿನಲ್ಲಿ ರಾತ್ರಿಯೆಲ್ಲಾ ಮೆಸೇಜ್ ಹಾಕಿದ್ದು ಸಾಕು. ಭಾನುವಾರ ಬೆಳಿಗ್ಗೆ ಎದುರುಬದುರು ಕೂತು ಮಾತಾಡೋಣ.

ಬರುವ ಮುಂಚೆ ಒಂದು ವಿಷಯ ಗಮನದಲ್ಲಿರಲಿ. ಕಾಫಿ ಹಣ್ಣು ಕುಯ್ಯುವಾಗ ಕೆಜಿ ಲೆಕ್ಕ, ಅಲ್ಲಿ ರೇಟು ಎಲ್ಲರಿಗೂ ಒಂದೇ. ಮರಗಸಿಗೆ (ತೋಟದ ನೆರಳು ಮರ ಹತ್ತಿ ಕೊಂಬೆ ಸವರುವ ಕೆಲಸ) ಕೂಲಿ ಜಾಸ್ತಿ, ಆದರೆ ಹತ್ತುವವರು ಗಂಡಸರೇ. ಅದು ಬೇರೆ ಕೆಲಸ, ಒಪ್ಪೋಣ. ಕಳೆ ತೆಗೆಯುವುದಕ್ಕೂ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಒಂದು ಅಂದರೆ ಒಪ್ಪುವುದು ಹೇಗೆ? ಒಂದೇ ಬಗೆಯ ಕೆಲಸಕ್ಕೆ ಒಂದೇ ಕೂಲಿ ಎಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. ಆಳು ತೆಗೆದುಕೊಳ್ಳುವಾಗಲೂ ಭೇದ ಮಾಡುವಂತಿಲ್ಲ ಎಂದಿತ್ತು. 2019ರ ವೇತನ ಸಂಹಿತೆಯಲ್ಲೂ ಅದು ಇದೆ.

ನನ್ನ ತಕರಾರು ಕೂಲಿಗಿಂತ ಇನ್ನೊಂದರ ಮೇಲೆ. ತೋಟದ ಲೆಕ್ಕ ನೋಡುವ ರೈಟರ್, ಆಳುಗಳ ಮೇಲ್ವಿಚಾರಣೆ ಮಾಡುವ ಮೇಸ್ತ್ರಿ ಕೆಲಸಕ್ಕೆ ಹೆಂಗಸರನ್ನು ನಾವು ಕೇಳುವುದೇ ಇಲ್ಲ, ಅಲ್ವಾ? (ತೋಟದ ಮಾಲೀಕರು ಸುಮ್ನೆ ಸಿಟ್ಟಾಗಬೇಡಿ, ಉತ್ತರ ತನ್ನಿ.)

ಅಮೆರಿಕದ ಕ್ಲಾಡಿಯಾ ಗೋಲ್ಡಿನ್ ಅವರಿಗೆ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅಲ್ಲಿ ಸಂಬಳದ ಅಂತರ ಹೆಚ್ಚಾಗಿ ಮೊದಲ ಮಗು ಹುಟ್ಟಿದ ಮೇಲೆ ಶುರುವಾಗುತ್ತದೆ ಎಂದು ತೋರಿಸಿದವರು ಅವರು. ಚಿಕ್ಕಮಗಳೂರಿನ ಆಫೀಸು, ಅಂಗಡಿಗಳಲ್ಲಿ ಹೇಗಿದೆ? ಕೆಲಸಕ್ಕೆ ಹೋಗುವ ಅಕ್ಕಂದಿರು ಮೊದಲು ಮಾತಾಡಲಿ. ಬರುವವರು ಶನಿವಾರ ಸಂಜೆಯೊಳಗೆ ಹೆಸರು ಹಾಕಿ, ತಿಂಡಿಗೆ ಹೇಳಬೇಕು.